ಸೊಗಡಿಲ್ಲದ ಅವರೆಕಾಯಿ ಕೇಳಿದ ನಮ್ಮೆಜಮಾನ್ರು

ನಮ್ಮೆಜಮಾನ್ರಿಗೆ ದೇವರು ಕಣ್ಣು, ಕಿವಿ ಎಲ್ಲಾ ಕೊಟ್ಟಿದಾನೆ. ಆದ್ರೆ ಅವೆಲ್ಲ ಮುಖದಲ್ಲಿ ಜಾಗ ಖಾಲಿ ಇರಬಾರದು ಅಂತ ಕೊಟ್ಟಿರೋದು. ಕೆಲಸ ಮಾಡೋದು ಮೂಗು ಒಂದೇ! ನಾನು ಹೊಸ ಸೀರೆ ಉಟ್ಕೊಂಡು ಎದುರಿಗೆ ಬಂದು ನಿಂತ್ರೂ ಕಾಣಲ್ಲ. "ರೀ, ರೀ" ಅಂತ ಗಂಟಲು ಹರ್ಕೊಂಡ್ರೂ ಕೇಳ್ಸಲ್ಲ. ಒಲೆ ಮೇಲಿನ ಹಾಲು ಇನ್ನೇನು ಉಕ್ಬೇಕು ಅನ್ನೋಷ್ಟರಲ್ಲಿ ಮಾತ್ರ ಬೀದಿ ತುದಿಯಿಂದಾನೇ "ಲೇ, ಹಾಲು!" ಅಂತ ಕೂಗ್ತಾರೆ. ನಂಬ್ತೀರಾ? ನಂಬಬೇಡಿ ಬಿಡಿ, ನಾನೂ ಮೊದಮೊದಲು ನಂಬಿರಲಿಲ್ಲ.

ನನ್ನ ನೋಡೋಕೆ ಬೇಲೂರಿಗೆ ಬಂದ ದಿನಾನೇ ಗೊತ್ತಾಗ್ಬೇಕಿತ್ತು ನಂಗೆ. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟೆ. ಗಂಡು ಅಂತ ಬಂದೋನು ಒಂದು ಸಲ ತಲೆ ಎತ್ತಿ ಹುಡುಗೀನ ನೋಡ್ಬೇಕು ತಾನೆ? ಇವರು ತಟ್ಟೇನ ಮೂಗಿನ ಹತ್ರ ಎತ್ಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಎಳ್ಕೊಂಡ್ರು. ನಮ್ಮಪ್ಪನ ಮುಖ ಇಷ್ಟೇ ಇಷ್ಟಾಯ್ತು. ನಾವೇನು ವಿಷ ಹಾಕಿದೀವಾ? ಇವರು ಕಣ್ಣು ಬಿಟ್ಟು ಆಡಿದ ಮೊದಲನೇ ಮಾತು, "ಕರಿಬೇವು ನಿಮ್ಮ ಹಿತ್ಲದ್ದೇ ಅಲ್ವಾ? ಈಗ ತಾನೆ ಕಿತ್ತಿರೋದು."

ಒಳಗಿದ್ದ ನಮ್ಮಜ್ಜಿ "ಈ ಹುಡುಗ ಆಗ್ಲಿ" ಅಂತ ಅಲ್ಲೇ ತೀರ್ಪು ಕೊಟ್ಬಿಟ್ರು! ವಾಪಸ್ ಹೋಗ್ತಾ ಬಸ್ಸಲ್ಲಿ ನಮ್ಮತ್ತೆ, "ಹುಡುಗಿ ಹೆಂಗವ್ಳೆ ಮಗ?" ಅಂತ ಕೇಳಿದ್ರಂತೆ. "ಕರಿಬೇವು ಚೆನ್ನಾಗಿತ್ತು ಕಣವ್ವ" ಅಂದ್ರಂತೆ ಇವರು. ಹಿಂಗೆ ನಮ್ಮ ಮದುವೆ ಆಗಿದ್ದು.

ಆ ಮೂಗಿಂದಾನೇ ನಮ್ಮ ಹೊಟ್ಟೆ ತುಂಬ್ತಿರೋದು, ಅದನ್ನೂ ಹೇಳ್ಬಿಡ್ತೀನಿ. ಇವರು ಅರಸೀಕೆರೇಲಿ ಒಂದು ಕೊಬ್ಬರಿ ಮಂಡೀಲಿ ಕೆಲಸ ಮಾಡ್ತಾರೆ. ರಾಶಿ ಮುಂದೆ ಕೂತು ಕೊಬ್ಬರಿ ಮೂಸಿ ನೋಡಿ, ಕಮಟು ಹಿಡಿದಿರೋದನ್ನ ಬೇರೆ ಮಾಡೋದು. ಸರಿ, ಮಂಡೀಲಿ ಮೂಸ್ತೀರಿ, ಮನೇಲಾದ್ರೂ ಆ ಮೂಗಿಗೆ ರಜಾ ಕೊಡಬಾರದಾ? ಸ್ಟೇಷನ್ ಹಿಂದಿನ ಬೀದೀಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಮದುವೇಲಿ ನಮ್ಮಪ್ಪ ಪ್ರೀತಿಯಿಂದ ಫ್ರಿಡ್ಜ್ ಕೊಟ್ರು. ಇವರು ಅದನ್ನ ತೆಗೆದು ಮೂಸಿ, "ಇದ್ರೊಳಗೆ ಇಟ್ರೆ ಸೊಪ್ಪಿಗೆ ನೆಗಡಿ ಆಗುತ್ತೆ" ಅಂದ್ರು. ದಿನಾ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಆವತ್ತಿಗೆ ಬೇಕಾಗಿದ್ದು ಆವತ್ತೇ ತರ್ತಾರೆ. ಫ್ರಿಡ್ಜಲ್ಲಿ ಈಗ ಏನಿದೆ ಗೊತ್ತಾ? ನೀರಿನ ಬಾಟಲಿ ಮತ್ತೆ ನನ್ನ ಲಿಪ್‌ಸ್ಟಿಕ್!

ನಾನು ಅಡುಗೆ ಕಲ್ತಿದ್ದು ಮೊಬೈಲಲ್ಲಿ ವಿಡಿಯೋ ನೋಡಿ. ಅಮ್ಮನ ಮನೇಲಿ ಅನ್ನಕ್ಕೆ ಎಷ್ಟು ನೀರು ಅನ್ನೋದೂ ಗೊತ್ತಿರಲಿಲ್ಲ. ಈಗ ನೋಡಿ ನೋಡಿ ಹುಚ್ಚು ಹತ್ತಿದೆ, ದಿನಕ್ಕೊಂದು ಹೊಸ ಐಟಂ ಮಾಡ್ತೀನಿ. ಇವರದ್ದು ಒಂದೇ ತಕರಾರು.

"ಮೊಬೈಲಿಂದ ವಾಸನೆ ಬರುತ್ತಾ?"

"ಬರಲ್ಲ."

"ಮತ್ತೆ ಒಗ್ಗರಣೆ ಆಗಿದ್ದು ಹೆಂಗೆ ಗೊತ್ತಾಗುತ್ತೆ ಕಣೇ?"

ಒಂದಿನ ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಂದೆ ಇಟ್ಟೆ. ಬಾಯಿಗೆ ಇನ್ನೂ ಹಾಕಿಲ್ಲ, ಮೂಸಿದ ತಕ್ಷಣ "ಉಪ್ಪು ಜಾಸ್ತಿ" ಅಂದ್ರು. ನಂಗೆ ಸಿಟ್ಟು ಬಂತು. "ಉಪ್ಪಿಗೆ ವಾಸನೆ ಇದೆಯೇನ್ರೀ?" ಅಂದೆ. "ಉಪ್ಪಿಗಿಲ್ಲ, ನಿನ್ನ ಮುಖ ನೋಡಿದ್ರೆ ಗೊತ್ತಾಯ್ತು" ಅಂದ್ರು. ಅಂದ್ರೆ ಈ ಮನುಷ್ಯ ನನ್ನ ಮುಖ ನೋಡ್ತಾರೆ! ಆವತ್ತು ಅವರು ನೀರು ಕುಡಿತಾ ಕುಡಿತಾ ಎಣ್ಣೆಗಾಯಿ ಪೂರ್ತಿ ತಿಂದ್ರು.

ಹಳೇಬೀಡಿನ ಕಥೆ ಕೇಳಿ. ಮದುವೆ ಆದ ಹೊಸದರಲ್ಲಿ ಬೈಕಲ್ಲಿ ಹೋಗಿದ್ವಿ. ನಾನು ಬೇಲೂರಿನೋಳು, ಶಿಲಾಬಾಲಿಕೆಯರ ಪಕ್ಕ ಹೆಂಗೆ ನಿಂತ್ರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ನಂಗೆ ಗೊತ್ತು. ಗೋಡೆ ಪಕ್ಕ ಸೊಂಟ ಓರೆ ಮಾಡ್ಕೊಂಡು ನಿಂತೆ. ತಿರುಗಿ ನೋಡ್ತೀನಿ, ಗಂಡಾನೇ ಇಲ್ಲ! ಬಸ್ತಿಹಳ್ಳಿ ರಸ್ತೇಲಿ ಯಾರೋ ತೋಟದಿಂದ ಸೋರೆಕಾಯಿ ಇಳಿಸ್ತಿದ್ರಂತೆ, ಇವರ ಮೂಗು ಅಲ್ಲಿಗೆ ಎಳ್ಕೊಂಡು ಹೋಗಿದೆ. ಆವತ್ತಿನ ಫೋಟೋ ಅಂತ ನಮ್ಮ ಹತ್ರ ಇರೋದು ಒಂದೇ. ಅದರಲ್ಲಿ ನಾನು ಮುಖ ಊದಿಸ್ಕೊಂಡು ನಿಂತಿದೀನಿ, ಇವರು ಮಗೂನ ಎತ್ಕೊಂಡಂಗೆ ಒಂದು ಎಳೇ ಸೋರೆಕಾಯಿ ಎತ್ಕೊಂಡು ನಗ್ತಿದಾರೆ. ನನ್ನ ಫ್ರೆಂಡು ನೋಡಿ, "ಹೊಯ್ಸಳರ ಕಾಲದ್ದೇನೇ?" ಅಂದ್ಲು. ಗಂಡನ್ನ ಕೇಳಿದ್ಲೋ ಸೋರೆಕಾಯಿನೋ, ಇವತ್ತಿಗೂ ಗೊತ್ತಿಲ್ಲ.

ಆದ್ರೆ ಇವರ ಅಸಲಿ ಅವತಾರ ನೋಡ್ಬೇಕು ಅಂದ್ರೆ ಅವರೆಕಾಯಿ ಕಾಲದಲ್ಲಿ ನೋಡ್ಬೇಕು. ಚಳಿ ಶುರುವಾಗಿ ಮಂಜು ಬಿದ್ದ ಮೇಲೆ ಅವರೆಕಾಯಿ ಸಿಪ್ಪೆ ಮೇಲೆ ಅಂಟಂಟಾಗಿ ಒಂದು ಘಮ ಕೂರುತ್ತಲ್ಲ, ಸೊಗಡು ಅಂತೀವಲ್ಲ, ಅದಕ್ಕೆ ಇವರು ಪ್ರಾಣ ಬಿಡ್ತಾರೆ. ನಮ್ಮ ಕಡೆ ಎಲ್ರೂ ಒಂದು ಕಾಯಿ ಮೂಸಿ ನೋಡೇ ತಗೊಳ್ಳೋದು. ಇವರು ರಾಶಿಗೇ ಮುಖ ಇಡ್ತಾರೆ! ಮಾರ್ಕೆಟ್ಟಲ್ಲಿ ಒಬ್ಬ ಅಜ್ಜಿ ಇದಾರೆ, ನಾವು ಯಾವಾಗ್ಲೂ ತಗೊಳ್ಳೋದು ಅವರ ಹತ್ರಾನೇ. ಅವರು, "ಏನಪ್ಪಾ, ತಕ್ಕಂಡೋಯ್ತೀಯೋ, ಇಲ್ಲೇ ಮನಿಕ್ಕತೀಯೋ?" ಅಂತ ಬೈತಾರೆ. ಇವರು ಎದ್ದು "ಅಜ್ಜಿ, ಇದು ನೀರು ಕಟ್ಟಿ ಬೆಳೆದಿದ್ದು, ಸೊಗಡಿಲ್ಲ. ಆ ಮೂಲೇದು ಕೊಡಿ" ಅಂತಾರೆ. ಅಜ್ಜಿ ಗೊಣಗ್ತಾನೇ ಮೂಲೇದು ಕೊಡ್ತಾರೆ.

ಇಂಥ ಮನೇಲಿ ನಾನು ಬಸುರಿ ಆದೆ!

ಸಿನಿಮಾದಲ್ಲಿ ತೋರಿಸಿದಂಗೆ ಒಂದು ಸಲ ಬಾಯಿಗೆ ಕೈ ಇಟ್ಕೊಂಡು ಬಚ್ಚಲಿಗೆ ಓಡಿದ್ರೆ ಮುಗೀತು ಅನ್ಕೊಂಡಿದ್ದೆ. ಎಲ್ಲಿ! ಒಗ್ಗರಣೆ ವಾಸನೆ ಬಂದ್ರೆ ವಾಂತಿ. ಕಾಫಿಗೆ ವಾಂತಿ, ಕೊತ್ತಂಬರಿಗೆ ವಾಂತಿ, ಅನ್ನ ಕುದಿಯೋ ಹಬೆಗೂ ವಾಂತಿ. ಮೂಗನ್ನ ದೇವರು ಇವರಿಂದ ತೆಗೆದು ನಂಗೆ ಅಂಟಿಸಿದನೇನೋ ಅನ್ನಂಗೆ ಆಯ್ತು. ಸಂಜೆ ಇವರು ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತ್ರೆ ಸಾಕು, ಕೊಬ್ಬರಿ ವಾಸನೆ ಭುಗ್ ಅಂತ ಬರೋದು. "ರೀ, ಒಳಗೆ ಬರ್ಬೇಡಿ!" ಅಂತ ನಾನು ಕಿರುಚೋಳು. ಪಾಪ, ಆ ಚಳೀಲಿ ಹಿತ್ತಲ ನಲ್ಲಿ ಕೆಳಗೆ ನಡುಗ್ತಾ ಸ್ನಾನ ಮಾಡಿ, ಹೊಸ ಸೋಪು ಉಜ್ಕೊಂಡು ಬರೋರು. ಆ ಸೋಪಿನ ವಾಸನೆಗೂ ನಂಗೆ ವಾಂತಿ!

ಮಂಚದ ಪಕ್ಕ ಒಂದು ನೀಲಿ ಬಕೆಟ್ಟು ಬಂದು ಕೂತ್ಕೊಂತು. ಡಾಕ್ಟರಮ್ಮ ತೂಕ ನೋಡಿ ಮುಖ ಗಂಟು ಹಾಕಿದ್ರು. "ತೂಕ ಇಳೀತಾ ಇದೆ ಕಣಮ್ಮ. ಮುಂದಿನ ವಾರ ಬರೋಷ್ಟರಲ್ಲಿ ಹೊಟ್ಟೇಲಿ ಏನಾದ್ರೂ ನಿಲ್ಲಬೇಕು. ಇಲ್ಲಾಂದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಲೇಬೇಕು" ಅಂದ್ರು. ಬರ್ತಾ ದಾರೀಲಿ ಹೂವಿನಂಗಡಿ ಮುಂದೆ ಹೋದ್ವಿ, ಬೇಕರಿ ಮುಂದೆ ಹೋದ್ವಿ, ಇವರ ಮೂಗೂ ಅಲ್ಲಾಡಲಿಲ್ಲ. ನಂಗೆ ಆವಾಗ ನಿಜವಾಗ್ಲೂ ಭಯ ಆಯ್ತು.

ಮಾರನೇ ದಿನದಿಂದ ವಾಸನೆ ಇಲ್ಲದ ಅಡುಗೆ ಕಂಡುಹಿಡಿಯೋ ಕೆಲಸ ಶುರು! ಗ್ಯಾಸ್ ಒಲೇನ, ಸಿಲಿಂಡರನ್ನ ತಾರಸಿ ಮೇಲೆ ಹೊತ್ಕೊಂಡು ಹೋದ್ರು. ಒಂದು ಸಾರು ಮಾಡಿದ್ರು ನೋಡಿ. ನಾನು ಬೆಳ್ಳುಳ್ಳಿ ಬೇಡ ಅಂದೆ, ತೆಗೆದ್ರು. ಇಂಗು ಬೇಡ ಅಂದೆ, ಬಿಟ್ರು. ಆಮೇಲೆ ಸಾಸಿವೆ ಹೋಯ್ತು, ಹುಳಿ ಹೋಯ್ತು, ಸಾರಿನ ಪುಡೀನೂ ಹೋಯ್ತು. ಲೋಟದಲ್ಲಿ ತಂದು ಕೊಟ್ರು.

"ಇದಕ್ಕೆ ಸಾರು ಅಂತಾರೇನ್ರೀ? ಬಿಸಿನೀರು!"

"ಉಪ್ಪು ಇದೆ ಕಣೇ" ಅಂದ್ರು, ಅಪರಾಧಿ ಥರ.

ಅದೂ ನಿಲ್ಲಲಿಲ್ಲ.

ಆಮೇಲೆ ಇವರು ಮಾರ್ಕೆಟ್ಟಿಗೆ ಹೋಗಿ ಜೀವನದಲ್ಲೇ ಮಾಡದ ಕೆಲಸ ಮಾಡಿದ್ರು. ಅಜ್ಜಿ ಮುಂದೆ ನಿಂತು, "ಅಜ್ಜಿ, ಸೊಗಡಿಲ್ಲದ ಅವರೆಕಾಯಿ ಇದೆಯಾ?" ಅಂತ ಕೇಳಿದ್ರಂತೆ! ತಕ್ಕಡಿ ಹಿಡ್ಕೊಂಡಿದ್ದ ಅಜ್ಜಿ ಹಂಗೇ ನೋಡಿದ್ರಂತೆ. ಅಕ್ಕಪಕ್ಕದ ಸೊಪ್ಪಿನೋರು ಬಿದ್ದು ಬಿದ್ದು ನಕ್ರಂತೆ. "ಯಾಕಪ್ಪಾ, ಮೂಗ ಎಲ್ಲಿ ಮಡಗಿ ಬಂದೆ?" ಅಂತ ಅಜ್ಜಿ ಕೇಳಿದ್ರೆ, ಇವರು ಚೀಲ ಮಡಚ್ಕೊಂಡು, "ಮನೇಲಿ ನಮ್ಮೋಳಿಗೆ ಉಣ್ಣಕ್ಕಾಗ್ತಿಲ್ಲ ಅಜ್ಜಿ" ಅಂದ್ರಂತೆ. ಆಮೇಲೆ ಯಾರೂ ನಗಲಿಲ್ವಂತೆ.

ಅಷ್ಟರಲ್ಲಿ ಗಂಡಸಿ ಹತ್ರದ ಊರಲ್ಲಿರೋ ನಮ್ಮತ್ತೆ ಫೋನು. "ಹೊಲದಾಗೆ ಮೊದಲನೇ ಕಾಯಿ ಬಿಡಿಸಿವ್ನಿ ಮಗ. ಸೊಗಡು ಅಂದ್ರೆ ಸೊಗಡು, ಮನೆಯೆಲ್ಲ ಘಮ್ ಅಂತೈತೆ. ಬಸ್ಸಿಗೆ ಹಾಕಿವ್ನಿ, ಇಳಿಸ್ಕೊ." ಇವರ ಮುಖ ನೋಡ್ಬೇಕಿತ್ತು! ಬೇರೆ ವರ್ಷ ಆಗಿದ್ರೆ ಬಸ್ಸಿಗೆ ಆರತಿ ಎತ್ತೋರು. ಈಗ ಒಂದು ಚೀಲ ಸೊಗಡನ್ನ ಹೆಂಡತಿ ಇರೋ ಮನೆಗೆ ತರೋದು ಹೆಂಗೆ? ತರಲೇ ಇಲ್ಲ. ಬಸ್‌ಸ್ಟ್ಯಾಂಡಿಂದ ಸೀದಾ ನಮ್ಮ ಬೀದಿಗೆ ಬಂದು, ಮೂಲೆ ಮನೆಯಿಂದ ಶುರು ಮಾಡಿ ಮನೆಮನೆಗೂ ಹಂಚಿ, ಚೀಲಾನೂ ಅಲ್ಲೇ ಯಾರಿಗೋ ಕೊಟ್ಟು, ಕೈಗೆ ಹುಣಸೆಹಣ್ಣು, ಸೋಪು ಎಲ್ಲಾ ಹಾಕಿ ತಿಕ್ಕಿ ತಿಕ್ಕಿ ತೊಳ್ಕೊಂಡು ಮನೆಗೆ ಬಂದ್ರು.

ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಇವರು ನೀರಿನ ಲೋಟ ಹಿಡ್ಕೊಂಡು ಬಗ್ಗಿದ್ರು. ನನ್ನ ಮೂಗು ಚುರುಕಾಯ್ತು.

"ರೀ, ಏನಿದು?"

"ಏನಿಲ್ಲ, ಏನಿಲ್ಲ!" ಅಂತ ಲೋಟ ಇಟ್ಟು, ಕೈ ಎರಡೂ ಬೆನ್ನ ಹಿಂದೆ ಇಟ್ಕೊಂಡು ಬಾಗಿಲ ತನಕ ಹಿಂದಕ್ಕೆ ಹೋದ್ರು. ಕಾಲಲ್ಲಿ ಬಕೆಟ್ಟನ್ನ ನನ್ನ ಕಡೆ ತಳ್ಳಿದ್ರು.

"ಕೈ ಕೊಡಿ ಇಲ್ಲಿ."

"ಬೇಡ ಕಣೇ, ವಾಂತಿ ಆಗುತ್ತೆ."

"ಕೊಡ್ರೀ ಅಂದ್ರೆ!"

ಹೆದರ್ಕೊಂಡು ಕೊಟ್ರು. ಅಂಗೈ ಎಳ್ಕೊಂಡು ಮೂಗಿಗೆ ಇಟ್ಕೊಂಡೆ. ಸೋಪಿನ ಕೆಳಗೆ, ಹುಣಸೆ ಕೆಳಗೆ, ಹಸಿಹಸಿಯಾಗಿ, ಅಂಟಂಟಾಗಿ ಸೊಗಡು ಹಂಗೇ ಇತ್ತು. ನನ್ನ ಬಾಯಲ್ಲಿ ನೀರು ಬಂತು! ವಾಂತೀದಲ್ಲ, ಹಸಿವಿಂದು. ಎಷ್ಟು ದಿನ ಆಗಿತ್ತೋ ನಂಗೆ ಹಸಿವು ಅಂತ ಆಗಿ!

"ರೀ, ಅವರೆಕಾಯಿ ಎಲ್ಲಿ? ನಂಗೆ ಈಗ್ಲೇ ಸಾರು ಬೇಕು. ಮುದ್ದೆ ಬೇಕು."

ಇವರ ಮುಖ ಬಿಳಿಚ್ಕೊಂತು. "ಎಲ್ಲಾ ಹಂಚಿಬಿಟ್ಟೆ ಕಣೇ!"

ಅಂದೋರೇ ಚಪ್ಪಲೀನೂ ಹಾಕ್ದೆ ಓಡಿದ್ರು. ನಾನು ಕಿಟಕಿ ಹಿಡ್ಕೊಂಡು ನೋಡ್ತಿದ್ದೆ. ಕೊಟ್ಟಿದ್ದನ್ನ ಕೊಟ್ಟ ದಿನಾನೇ ವಾಪಸ್ ಕೇಳೋ ಮನುಷ್ಯನ್ನ ನೀವು ನೋಡಿದೀರಾ? ನಮ್ಮ ಬೀದಿ ನೋಡ್ತು! ಎದುರು ಮನೆ ಅಕ್ಕ, "ಏನ್ರೀ ಇದು, ಆಗ್ಲೇ ಸುಲಿದು ಆಯ್ತಲ್ರೀ!" ಅಂದ್ರು. "ಸುಲಿದಿದ್ದೇ ಕೊಡಿ ಅಕ್ಕ, ನಮ್ಮೋಳು ಉಣ್ತೀನಿ ಅಂದ್ಲು" ಅಂತ ಇವರು ಕೂಗಿದ್ದು ನಮ್ಮ ಕಿಟಕಿಗೂ ಕೇಳಿಸ್ತು. ಅಷ್ಟೇ, ಬೀದಿ ತುಂಬ ಸುದ್ದಿ! ಒಬ್ರು ಸುಲಿದ ಕಾಳು ತಂದ್ರು, ಒಬ್ರು ಇನ್ನೂ ಸುಲಿಯದ ಕಾಯಿ ಸೆರಗಲ್ಲಿ ಕಟ್ಕೊಂಡು ಬಂದ್ರು. ಮೂಲೆ ಮನೆಯೋರು ಕುಕ್ಕರ್ ಸಮೇತ ಬಂದ್ಬಿಟ್ರು, "ನಮ್ಮದು ಆಗ್ಲೇ ಸಾರಾಗೋಯ್ತು, ತಗೋ ತಾಯಿ" ಅಂತ!

ಇವರು ತಾರಸಿ ಮೇಲೆ ಮುದ್ದೆ ತಿರುವಿ ತಂದ್ರು. ತಟ್ಟೆ ನನ್ನ ಮುಂದೆ ಇಟ್ಟು, ತಾವು ಬಕೆಟ್ಟು ಎತ್ಕೊಂಡು ರೆಡಿಯಾಗಿ ನಿಂತ್ರು. ನಾನು ಒಂದು ತುತ್ತು ನುಂಗಿದೆ. ಬಕೆಟ್ಟು ಮುಂದೆ ಬಂತು. ಇನ್ನೊಂದು ನುಂಗಿದೆ. ಬಕೆಟ್ಟು ಅಲ್ಲೇ ನಿಂತ್ಕೊಂತು. ಮುದ್ದೆ ಮುಗೀತು, ಸಾರಿನ ತಳ ಬೆರಳಲ್ಲಿ ಒರೆಸಿ ನೆಕ್ಕಿದೆ. ಆಮೇಲೂ ಎಷ್ಟೋ ಹೊತ್ತು ಇವರು ಬಕೆಟ್ಟು ಕೆಳಗೆ ಇಡಲೇ ಇಲ್ಲ. ನಾನು ಜೋರಾಗಿ ಒಂದು ತೇಗು ತೇಗಿದೆ ನೋಡಿ, ಆವಾಗ ಇಟ್ರು. ಇಟ್ಟು, ಮೂಗು ಒರೆಸ್ಕೊಂಡ್ರು. ಮೂಗು ಮಾತ್ರ ಅಲ್ಲ, ಕಣ್ಣೂನೂ.

"ಏನ್ರೀ, ಕಣ್ಣಿಗೂ ಕೆಲಸ ಶುರುವಾಯ್ತಾ?" ಅಂದೆ.

ಇವರು ಹೋಗಿ ಆ ನೀಲಿ ಬಕೆಟ್ಟು ತೊಳ್ಕೊಂಡು ಬಂದ್ರು. ಮಿಕ್ಕಿದ್ದ ಅವರೆಕಾಯಿ ಮಡಿಲಿಗೆ ಹಾಕ್ಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತ್ರು, ನಾಳೆ ಸಾರಿಗೆ. ಸಿಪ್ಪೆ ಆ ಬಕೆಟ್ಟೊಳಗೇ ಹಾಕ್ತಾ ಸುಲಿಯೋಕೆ ಶುರು ಮಾಡಿದ್ರು. ಒಂದು ಕಾಯಿ ಎತ್ಕೊಂಡ್ರು, ಅಭ್ಯಾಸದಂಗೆ ಮೂಗಿನ ಹತ್ರ ತಗೊಂಡು ಹೋದೋರು ಅರ್ಧದಲ್ಲೇ ನಿಲ್ಸಿ, ಕೈ ಚಾಚಿ ನನ್ನ ಮೂಗಿಗೆ ಹಿಡಿದ್ರು.

"ಹೆಂಗಿದೆ?"

"ಚೆನ್ನಾಗಿದೆ ಕಣ್ರೀ."

ಅದನ್ನ ಸುಲಿದು, ಇನ್ನೊಂದು ಎತ್ಕೊಂಡು ಮತ್ತೆ ನಂಗೇ ಮೊದಲು ಹಿಡಿದ್ರು.