ಮತ್ತಿಘಟ್ಟಕ್ಕೆ ಹಿಮ್ಮುಖವಾಗಿ ಹೋದ ದಿಬ್ಬಣ

ಗಂಡಸಿಗೆ ಮನೆಯಲ್ಲಿ ಸಿಗದ ಗೌರವ ನೆಂಟರ ಮದುವೆಯಲ್ಲಾದರೂ ಸಿಗಬೇಕು ಎಂಬುದು ಬಿಳಗಿಯ ಗೋವಿಂದ ನಾಯ್ಕನ ದೃಢವಾದ ನಂಬಿಕೆ. ಅದಕ್ಕೇ ಹೆಂಡತಿಯ ತಮ್ಮ ಉಲ್ಲಾಸನಿಗೆ ಮತ್ತಿಘಟ್ಟದ ಹೆಣ್ಣು ಗೊತ್ತಾದ ದಿನವೇ ಅವನು ಘೋಷಿಸಿದ: ಮದುಮಗ ಹೋಗುವುದು ತನ್ನ ಫೋರ್ಡಿನಲ್ಲಿ.

ಫೋರ್ಡ್ ಎಂದರೆ ಈಗಿನದಲ್ಲ, ಅಜ್ಜಂದಿರ ಕಾಲದ ಟಿ ಮಾಡೆಲ್. ಇಡಗುಂದಿಯ ಮರದ ವ್ಯಾಪಾರಿಯೊಬ್ಬರ ಕೊಟ್ಟಿಗೆಯಲ್ಲಿ ಅದರ ಹಿಂದಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. (ಕಾರು ಕೊಟ್ಟರು, ಕೋಳಿ ಕೊಡಲಿಲ್ಲ.) ಗೋವಿಂದ ಅದರ ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಜೀವ ಬರಿಸಿದ್ದ. ಆ ಜ್ಞಾನಭಂಡಾರವನ್ನು ದಿನಾ ಊಟದ ಹೊತ್ತಿಗೆ ತೆರೆಯುತ್ತಿದ್ದ.

"ಮುಂದಿನ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡೋ ಮುಂಚೆ ಸ್ಟೇರಿಂಗಿನ ಎಡಗಡೆ ಸರಳು ಮೇಲೆ ಮಾಡ್ಬೇಕು. ಇಲ್ದಿದ್ರೆ ಹ್ಯಾಂಡಲ್ ತಿರುಗಿ ಬಡಿದು ಕೈ ಮುರೀತದೆ. ಹೆಬ್ಬೆರಳನ್ನ ಸುತ್ತ ಹಾಕಬಾರ್ದು, ಉಳಿದ ಬೆರಳಿನ ಬದಿಗೇ ಇಟ್ಕಳ್ಬೇಕು."

"ಪಲ್ಯ ಬೇಕಾ?" ಎನ್ನುತ್ತಿದ್ದಳು ಹೆಂಡತಿ ಗೀತಾ.

"ಕಾಲಲ್ಲಿ ಒತ್ತೋ ಎಕ್ಸಲರೇಟರೇ ಇಲ್ಲ ಇದಕ್ಕೆ. ಅದು ಸ್ಟೇರಿಂಗ್ ಕೆಳಗೆ ಕೈಯಲ್ಲಿ. ನಡುವಿನ ಪೆಡಲ್ ಒತ್ತಿದ್ರೆ ರಿವರ್ಸ್."

"ಪಲ್ಯ ಬೇಕಾ ಅಂತ ಕೇಳಿದ್ದು."

ಮದುಮಗನ ಮೆರವಣಿಗೆಗೆ ಅವಳು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಕರಾರು ಹಾಕಿದಳು. "ಮುಹೂರ್ತದ ಒಳಗೆ ನನ್ನ ತಮ್ಮನ್ನ ಚಪ್ಪರ ಮುಟ್ಟಿಸಿದ್ರೆ ಕಾರು ನಮ್ಮಲ್ಲೇ ಇರ್ಲಿ. ಮುಟ್ಟಿಸ್ದೇ ಹೋದ್ರೆ ಮಾರನೇ ದಿನ ಗುಜರಿಗೆ. ಮತ್ತೆ ಮಾತಿಲ್ಲ."

ಗೋವಿಂದ ಮೀಸೆ ತಿರುವಿ ಒಪ್ಪಿದ.

ಮದುವೆಯ ಬೆಳಿಗ್ಗೆ ಟಾಪು ಮಡಚಿದ ಕಾರಿನಲ್ಲಿ ಉಲ್ಲಾಸ ಹಿಂದೆ, ಬಾಡಿಗೆ ಪೇಟ ಸುತ್ತಿಕೊಂಡ ಗೋವಿಂದ ಮುಂದೆ. ಅವರ ಹಿಂದೆ ಗೀತಾ ಮತ್ತು ನೆಂಟರ ಬಸ್ಸು. ಶಿರಸಿ ಪೇಟೆಯಲ್ಲಿ ಜನ ಮೊಬೈಲು ಹಿಡಿದು ಓಡಿಬಂದರು. ಗೋವಿಂದ ಕೈ ಬೀಸಿದ ರೀತಿ ನೋಡಿದವರು ಮದುಮಗ ಯಾರೆಂದು ಕೇಳುವ ಹಾಗಿತ್ತು.

ಹೆಣ್ಣಿನ ಮನೆ ಇದ್ದದ್ದು ಮತ್ತಿಘಟ್ಟದ ಕಡಿದಾದ ಏರಿನ ತುದಿಯಲ್ಲಿ. ಅರ್ಧ ಏರಿನಲ್ಲಿ ಇಂಜಿನ್ ಕೆಮ್ಮಿತು, ಬಿಕ್ಕಳಿಸಿತು, ಸುಮ್ಮನಾಯಿತು.

"ಭಾವ, ಎಂತಾಯ್ತು?"

"ಎಂತದೂ ಆಗ್ಲಿಲ್ಲ. ಪೆಟ್ರೋಲ್ ಟ್ಯಾಂಕ್ ಇರದು ಈ ಮುಂದಿನ ಸೀಟಿನ ಅಡಿಗೆ. ಪಂಪ್ ಇಲ್ಲ, ತಾನಾಗೇ ಹರಿದು ಹೋಗ್ಬೇಕು. ಈಗ ಇಂಜಿನ್ ಮೇಲಾಯ್ತು, ಟ್ಯಾಂಕ್ ಕೆಳಗಾಯ್ತು. ಪೆಟ್ರೋಲ್ ಏನು ಏಣಿ ಇಟ್ಕಂಡು ಹತ್ತತದ್ಯಾ?"

"ಮತ್ತೆ?"

"ತಿರುಗಿಸಿ ಹಿಂದೆಹಿಂದೆ ಹತ್ತಸದು. ಆಗ ಟ್ಯಾಂಕ್ ಮೇಲೆ. ಅಲ್ದೆ ಇದರ ರಿವರ್ಸಿಗೇ ಬಲ ಜಾಸ್ತಿ. ಹಿಂದಿನವರೂ ಹೀಂಗೇ ಹತ್ತಸ್ತಿದ್ರು."

"ಮದುಮಗ ಹಿಂದೆಹಿಂದೆ ಹೋಗ್ಬಹುದಾ ಭಾವ?"

"ನೀ ಎಲ್ಲಿ ಹೋಗ್ತೆ? ನೀ ಕೂತಿರ್ತೆ. ಹೋಗದು ಕಾರು."

ಕಾರನ್ನು ಕೆಳಗಿನ ಸಮತಟ್ಟಿಗೆ ಜಾರಿಸಿ, ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿ ಗೋವಿಂದ ನಡುವಿನ ಪೆಡಲ್ ಒತ್ತಿದ. ಫೋರ್ಡು ಎಮ್ಮೆಯ ಗಾಂಭೀರ್ಯದಿಂದ ಬೆನ್ನು ಮುಂದಾಗಿ ಏರತೊಡಗಿತು. ವಾಲಗದವರು ಕಾರಿನ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ತಿಳಿಯದೆ ಪಕ್ಕದಲ್ಲಿ ನಡೆದರು.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಗೋವಿಂದನ ಎದೆ ಪೇಟಕ್ಕಿಂತ ದೊಡ್ಡದಾಯಿತು.

ಆದರೆ ಚಪ್ಪರದ ಬಾಗಿಲಲ್ಲಿ ಆರತಿ ಹಿಡಿದು ನಿಂತವರಿಗೆ ಕಂಡದ್ದು ಉಲ್ಲಾಸನ ಬೆನ್ನು ಮತ್ತು ಗೋವಿಂದನ ಮುಖ. ಮದುಮಗಳು ಅನುಶ್ರೀಯ ಅಜ್ಜಿ ಪಾರ್ವತವ್ವನಿಗೆ ಕಣ್ಣು ಮಂಜು. ಪೇಟ ಕಂಡಿತು, ಸಾಕಾಯಿತು. ಗೋವಿಂದನ ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿಯೇಬಿಟ್ಟಳು.

"ಅವ್ವಾ, ಮದುಮಗ ನಾನಲ್ಲ."

"ಎಲ್ಲ ಮದುಮಕ್ಕಳೂ ಮೊದ್ಲು ಹಾಂಗೇ ಹೇಳದು," ಎಂದು ಅಜ್ಜಿ ಹಾರ ಹಾಕಿದಳು.

ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ಕೈ ಸ್ಟೇರಿಂಗಿನಲ್ಲಿ, ಒಂದು ಕೈ ಸರಳಿನಲ್ಲಿ, ಕಾಲು ಪೆಡಲಿನಲ್ಲಿ. ಬಿಟ್ಟರೆ ಕಾರು ನಿಜವಾದ ಮದುಮಗನ ಸಮೇತ ಏರಿನ ಬುಡಕ್ಕೆ. ಬಸ್ಸಿನಿಂದ ಇಳಿದು ಬಂದ ಗೀತಾ ಚಕ್ರಕ್ಕೆ ಕಲ್ಲು ಕೊಟ್ಟು, ಗಂಡನ ಹಾರ ನೋಡಿದಳು.

"ಹೆಣ್ಣು ಒಪ್ಪಿಗೆ ಆಯ್ತಾ?" ಎಂದಳು.

ಮದುವೆ ಸಾಂಗವಾಯಿತು. "ಮಾತು ಮಾತೇ. ಕಾರು ಇರ್ಲಿ," ಎಂದು ಗೀತಾ ನಾಲ್ಕು ಜನರ ಎದುರೇ ಒಪ್ಪಿದಳು. ಗೋವಿಂದನಿಗೆ ಆಕಾಶ ಮೂರೇ ಗೇಣು. ಆದರೆ ಅದನ್ನು ನೋಡಲು ಕತ್ತು ಎತ್ತುವಂತಿರಲಿಲ್ಲ. ಏರಿನುದ್ದಕ್ಕೂ ಹಿಂದಕ್ಕೆ ಹೊರಳಿದ್ದ ಕತ್ತು ಅಲ್ಲೇ ಹಿಡಿದುಕೊಂಡಿತ್ತು. ಎಣ್ಣೆ ತಿಕ್ಕಿದರೂ ಮುಂದಕ್ಕೆ ಬರಲಿಲ್ಲ.

ಗಂಡನ ಮನೆಗೆ ಹೊರಡುವಾಗ ಅನುಶ್ರೀ ಮಾತ್ರ ಅದೇ ಕಾರು ಬೇಕೆಂದು ಹಟ ಹಿಡಿದಳು. "ಭಾವಂಗೆ ರಸ್ತೆಯೇ ಕಾಣದಿಲ್ಲ. ಬೇರೆ ಗಾಡಿ ಹೇಳುವಾ," ಎಂದ ಉಲ್ಲಾಸ.

ಗೀತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸರಳು ಮೇಲೆ ಮಾಡಿದಳು. ಹೆಬ್ಬೆರಳು ಬದಿಗಿಟ್ಟು ಹ್ಯಾಂಡಲನ್ನು ಒಮ್ಮೆ ಎಳೆದಳು. ಇಂಜಿನ್ ಗುಡುಗಿತು.

"ನಿಂಗೆ ಯಾರು ಕಲಿಸಿದ್ರು?" ಗೋವಿಂದನ ದನಿ ಅಡ್ಡದಿಕ್ಕಿನಿಂದ ಬಂತು.

"ಅಂಗಳದಲ್ಲಿ ಭತ್ತ ಒಣಗಿಸೋ ದಿನ ಇದನ್ನ ಆಚೀಚೆ ಮಾಡದು ಯಾರು ಅಂತ ಮಾಡಿದ್ರಿ? ಹತ್ತಿ. ಹಿಂದೆ ಯಾವ ಗಾಡಿ ಬರ್ತದೆ ಅಷ್ಟೇ ಹೇಳಿ."

ಶಿರಸಿಯಲ್ಲಿ ಮತ್ತೆ ಜನ ಸೇರಿದರು. ಯಾರೋ ಬಸ್ಸಿನವರನ್ನು ಕೇಳಿದರು, "ಯಾರ ಕಾರ್ರೀ ಇದು?"

"ನಮ್ಮ ಗೀತಕ್ಕಂದು," ಎಂದಿತು ಇಡೀ ಬಸ್ಸು.

ಕಾರಿನಲ್ಲಿದ್ದ ಉಳಿದವರೆಲ್ಲ ಮುಂದೆ ನೋಡುತ್ತಿದ್ದರು. ಆ ಮಾತನ್ನಾಡಿದ ಒಂದೊಂದು ಮುಖವನ್ನೂ ಸ್ಪಷ್ಟವಾಗಿ ಕಂಡವನು ಗೋವಿಂದ ಒಬ್ಬನೇ.