ಸ್ಟೊಯ್ನಾ ಅತ್ತೆಯ ತಾಮ್ರದ ತಂಬಿಗೆ

ತನ್ನ ಆಟದ ಬದುಕಿನ ಕೊನೆಯ ಪಂದ್ಯದ ದಿನ ಬೆಳಗ್ಗೆ ಸ್ಪಾಸ್ ದಿಮೋವ್‌ನಿಗೆ ಇದ್ದ ಆಸೆ ಒಂದೇ. ಕಾಲಿಗೆ ಒಂದು ಹನಿ ನೀರೂ ಸೋಕದಂತೆ ಮೈದಾನ ಸೇರಬೇಕು.

ಹದಿನೇಳು ವರ್ಷದಿಂದ ಅವನು ಆಟಕ್ಕೆ ಹೊರಟಾಗಲೆಲ್ಲ ಕೆಳಮನೆಯ ಸ್ಟೊಯ್ನಾ ಅತ್ತೆ ತಾಮ್ರದ ತಂಬಿಗೆ ಹಿಡಿದು ಬಂದು ಅವನ ಕಾಲ ಮುಂದೆ ನೀರು ಚೆಲ್ಲುತ್ತಿದ್ದಳು. ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಲಿ ಅಂತ. ಡ್ಯಾನ್ಯೂಬ್ ನದಿ ದಂಡೆಯ ಆ ಪುಟ್ಟ ಊರಿನ ಫುಟ್‌ಬಾಲ್ ತಂಡದ ಬೆನ್ನೆಲುಬೇ ಸ್ಪಾಸ್. ಗೋಲಿನ ಮುಂದೆ ಅವನು ನಿಂತನೆಂದರೆ ಎದುರಾಳಿಗಳು ಬೇರೆ ದಾರಿ ಹುಡುಕಬೇಕಿತ್ತು. ಮೂಗು ಎರಡು ಸಲ ಮುರಿದಿತ್ತು, ಮುಂದಿನ ಹಲ್ಲೊಂದು ವಾರ್ನಾದ ಮೈದಾನದಲ್ಲೇ ಉಳಿದಿತ್ತು. ರಾಜಧಾನಿ ಸೋಫಿಯಾದ ದೊಡ್ಡ ತಂಡ ಕರೆದರೂ ಮಹಾರಾಯ ಊರು ಬಿಡಲಿಲ್ಲ. ಆಡುವುದೆಲ್ಲ ಎಡಗಾಲಲ್ಲೇ, ಬಲಗಾಲಿರುವುದು ಬರೀ ನಿಂತುಕೊಳ್ಳಲು ಅಂತ ಊರೇ ಆಡಿಕೊಳ್ಳುತ್ತಿತ್ತು. ಇಷ್ಟೆಲ್ಲ ಆದರೂ ತಂಡ ಗೆದ್ದ ದಿನ ವಠಾರದವರು ಸಾಲಾಗಿ ಹೋಗಿ ಕೈಕುಲುಕುತ್ತಿದ್ದದ್ದು ಅತ್ತೆಗೆ.

ಸ್ಪಾಸ್‌ನಿಗೆ ಅದೇ ಹೊಟ್ಟೆಯುರಿ. ಇವತ್ತೊಂದು ದಿನವಾದರೂ ತನ್ನ ಕಾಲನ್ನೇ ನಂಬಿ ಆಡಿ ನೋಡಬೇಕು, ಇನ್ನು ಅವಕಾಶವಿಲ್ಲ.

ಬಾಗಿಲ ಸಂದಿಯಿಂದ ಇಣುಕಿದ. ಅತ್ತೆ ಆಗಲೇ ಮೆಟ್ಟಿಲ ಬುಡದಲ್ಲಿ ತಂಬಿಗೆ ಸಮೇತ ಕೂತಿದ್ದಳು. ಸರಿ, ಹಿಂದಿನ ಬಾಲ್ಕನಿಯಿಂದ ಚೀಲ ಎಸೆದ. ಅದು ವಠಾರದ ಗಂಚೊ ಮಾಮನ ಟೊಮೇಟೊ ಸಸಿಗಳ ಮೇಲೆ ಬಿತ್ತು. ದ್ರಾಕ್ಷಿ ಬಳ್ಳಿ ಹಿಡಿದು ತಾನೂ ಇಳಿಯತೊಡಗಿದ. ಅರ್ಧದಲ್ಲಿ ಚಪ್ಪರ ಮುರಿದು, ಉಳಿದ ಸಸಿಗಳ ಮೇಲೆ ತಾನೇ ಬಿದ್ದ.

ಗಂಚೊ ಮಾಮ ಕಿಟಕಿಯಿಂದ ನೋಡಿ ತಣ್ಣಗೆ ಕೇಳಿದ. "ಏನೋ ಸ್ಪಾಸ್, ಮೆಟ್ಟಿಲು ಇರೋದು ಮರ್ತೋಯ್ತಾ?"

ಸ್ಪಾಸ್ ಚೀಲ ಹೆಗಲಿಗೇರಿಸಿ ಓಡಿದ. ಆಟಕ್ಕೆ ಹೆದರಿ ಸ್ಪಾಸ್ ಪರಾರಿಯಾದ ಅಂತ ಮಾಮ ವಠಾರಕ್ಕೆಲ್ಲ ಸುದ್ದಿ ಹಬ್ಬಿಸಿದ. ಹುಡುಕುವವರ ಕಣ್ಣು ತಪ್ಪಿಸಲು ಸ್ಪಾಸ್ ನದಿಯ ಬದಿಯಲ್ಲಿ ಸುತ್ತಿ ಬಳಸಿ ನಡೆದು, ಏದುಸಿರು ಬಿಡುತ್ತ ಮೈದಾನ ತಲುಪಿದ. ಸಮವಸ್ತ್ರ ಹಾಕಿಕೊಂಡು ಮೈದಾನಕ್ಕೆ ಹೋಗುವ ಕತ್ತಲ ಓಣಿಯಲ್ಲಿ ಓಡುವಾಗ, ನೆಲ ಒರೆಸುವವಳದ್ದಿರಬೇಕು, ಪಾತ್ರೆಯೊಂದು ಕಾಲಿಗೆ ತಗುಲಿ ಠಣ್ ಎಂದು ಉರುಳಿತು. ತಪ್ಪಾಯ್ತಮ್ಮ ಅಂತ ಕತ್ತಲಿಗೇ ಹೇಳಿ ಮೈದಾನಕ್ಕೆ ಇಳಿದ.

ಎಂಥ ಆಟ ಅಂತೀರಿ! ಮೂವತ್ತೇಳರ ಮನುಷ್ಯ ಇಪ್ಪತ್ತರವರ ಉಸಿರು ಕಟ್ಟಿಸಿದ. ಊರಿನ ತಂಡ ಒಂದು ಗೋಲು ಮುಂದಿತ್ತು. ಕೊನೆಯ ನಿಮಿಷದಲ್ಲಿ ಗೋಲ್‌ಕೀಪರ್ ಬಿದ್ದಿದ್ದ, ಚೆಂಡು ಗೆರೆಯತ್ತ ಉರುಳುತ್ತಿತ್ತು. ಎಡಗಾಲು ಎಟುಕಲಿಲ್ಲ. ಸ್ಪಾಸ್ ಜಾರಿಕೊಂಡು ಹೋಗಿ, ಜನ್ಮದಲ್ಲಿ ಉಪಯೋಗಕ್ಕೆ ಬಾರದ ಬಲಗಾಲಿನಿಂದ ಅದನ್ನು ಹೊರಗಟ್ಟಿದ.

ಪಂದ್ಯ ಮುಗಿದದ್ದೇ ಅವನು ಅಳುತ್ತ ನಗುತ್ತ, ವಠಾರದವರೊಡನೆ ಮೈದಾನದ ಅಂಚಿನಲ್ಲಿ ನಿಂತಿದ್ದ ಅತ್ತೆಯ ಬಳಿ ಬಂದ. "ಅತ್ತೆ, ಬೇಜಾರು ಮಾಡ್ಕೋಬೇಡ. ಇವತ್ತು ನೀರಿಲ್ಲದೇನೇ ಗೆದ್ದೆ."

ಅತ್ತೆ ಕೋಟಿನೊಳಗಿಂದ ತಂಬಿಗೆ ತೆಗೆದಳು. ಅದರ ಹೊಟ್ಟೆ ಒಳಕ್ಕೆ ಕುಸಿದಿತ್ತು.

"ನೀನು ಓಡ್ಹೋದೆ ಅಂದ್ರು. ನಾನು ನಂಬ್ಲಿಲ್ಲ, ಬಸ್ಸು ಹತ್ತಿ ಬಂದು ನೀರು ತುಂಬಿ ಓಣೀಲಿ ಇಟ್ಟು ಬದೀಲೇ ನಿಂತಿದ್ದೆ. ಇಷ್ಟು ವರ್ಷ ನಾನೇ ಚೆಲ್ತಿದ್ದೆ ಮಗಾ. ಇವತ್ತು ನೀನೇ ಒದ್ದೆ. ಅದೂ ಬಲಗಾಲಲ್ಲಿ."

ವಠಾರದವರು ಆಗಲೇ ಅತ್ತೆಯ ಕೈಕುಲುಕಲು ಸಾಲು ನಿಂತಿದ್ದರು. ಸ್ಪಾಸ್ ಸ್ವಲ್ಪ ಹೊತ್ತು ತನ್ನ ಬಲಗಾಲನ್ನೇ ನೋಡಿದ. ಆಮೇಲೆ ಹೋಗಿ ಸಾಲಿನ ಕೊನೆಗಿದ್ದ ಗಂಚೊ ಮಾಮನ ಹಿಂದೆ ನಿಂತುಕೊಂಡ.