ಅತ್ತೆಯವರ ಸುಕ್ಕು ಮತ್ತು ಹೊಸ ವರ್ಷನ್

ಕನ್ನಡಕದ ಅಂಗಡಿಯ ಯಜಮಾನರು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಒಂದು ತೀರ್ಮಾನಕ್ಕೆ ಬಂದರು. ಆದದ್ದಾಗಲಿ, ಕಂಪ್ಯೂಟರಿನಲ್ಲಿರುವ ಫೋಟೋ ತಿದ್ದುವ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಿಯೇ ತೀರಬೇಕು. (ಅಂಗಡಿಯಲ್ಲಿ ಅವರು ಯಜಮಾನರು. ಮನೆಯಲ್ಲಿ ಆ ಹುದ್ದೆ ಬಹಳ ಹಿಂದೆಯೇ ಭರ್ತಿಯಾಗಿತ್ತು.) ಹೀಗೆ ಅಚಲ ನಿರ್ಧಾರ ಮಾಡಿಕೊಂಡು, ಅದಕ್ಕೆ ಅನುಮತಿ ಕೇಳಲು ಅಡುಗೆಮನೆಗೆ ಹೋದರು.

ಆ ಹುದ್ದೆಯನ್ನು ಅಲಂಕರಿಸಿದ್ದವರು ಅವರ ಹೆಂಡತಿ, ಹೈಸ್ಕೂಲಿನ ಗಣಿತದ ಟೀಚರು. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದ ಮಕ್ಕಳಿಗೆ ಅಂಕ ಕೊಡುವವರಲ್ಲ. ಗಂಡನಿಗೂ ಅದೇ ನಿಯಮ. ಈಗಿರುವುದಕ್ಕೆ ಏನಾಗಿದೆ, ಹಳೆಯದು ಮಾಡದ ಯಾವ ಘನಕಾರ್ಯವನ್ನು ಹೊಸದು ಮಾಡುತ್ತದೆ, ಸ್ಟಾರ್ಟ್ ಆಗುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುವ ಈ ಬಡಪಾಯಿ ಕಂಪ್ಯೂಟರು ಅದನ್ನು ತಡೆದುಕೊಂಡೀತೇ ಎಂದು ಒಂದಾದ ಮೇಲೊಂದು ಪ್ರಶ್ನೆ ಹಾಕಿದರು.

ಯಜಮಾನರು ಉತ್ತರವಾಗಿ ಹಾಲ್‌ನ ಗೋಡೆಯ ಕಡೆ ಕೈ ತೋರಿಸಿದರು.

ಆ ಗೋಡೆಯ ಮೇಲೆ ಮನೆಯ ಎಲ್ಲರ ಫೋಟೋಗಳಿದ್ದವು. ಎಲ್ಲವೂ ಯಜಮಾನರೇ ತೆಗೆದು, ತಿದ್ದಿ, ಚೌಕಟ್ಟು ಹಾಕಿಸಿದವು. ನಡುವೆ ಒಂದು ಮೊಳೆ ಮಾತ್ರ ಖಾಲಿ. ಅದು ಅತ್ತೆಯವರಿಗೆ ಮೀಸಲಾದ ಸ್ಥಾನ. ಮಗಳ ಮನೆಯಲ್ಲೇ ಇರುವ ಅತ್ತೆಗೆ ಅಳಿಯನ ಮೇಲೆ ಬೇಕಾದಷ್ಟು ವಿಶ್ವಾಸ. ಅಳಿಯ ತೆಗೆದ ಫೋಟೋ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ. ಎಷ್ಟು ಸಲ ತೆಗೆದರೂ ಒಂದು ಕ್ಷಣ ನೋಡಿ, "ಇದು ನಾನಲ್ಲ, ಯಾರೋ ಮುದುಕಿ" ಎಂದು ವಾಪಸ್ಸು ಕೊಡುತ್ತಿದ್ದರು.

ಇದಕ್ಕೆ ಒಂದು ಹಿನ್ನೆಲೆಯಿದೆ. ಹಿಂದೊಮ್ಮೆ ಅತ್ತೆ ತಮ್ಮ ತಂಗಿಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಯಾರೋ ಒಬ್ಬ ಪುಣ್ಯಾತ್ಮ ಸೀಟು ಬಿಟ್ಟೆದ್ದು, ನಿಮ್ಮ ತಾಯಿಯವರನ್ನು ಇಲ್ಲಿ ಕೂರಿಸಿ ಎಂದು ತಂಗಿಗೆ ಹೇಳಿದ. ಇಬ್ಬರ ನಡುವೆ ಇರುವ ವ್ಯತ್ಯಾಸ ಎರಡೇ ವರ್ಷ. ತಂಗಿಯಾದವಳು ತಾಯಿಯಲ್ಲ, ಅಕ್ಕ ಎಂದು ತಿದ್ದಬೇಕಿತ್ತು. ಬದಲಿಗೆ ಥ್ಯಾಂಕ್ಸ್ ಹೇಳಿದಳು. ಅತ್ತೆ ಆ ಸೀಟಿನಲ್ಲಿ ಕೂರಲಿಲ್ಲ. ಕೊನೆಯ ಸ್ಟಾಪಿನವರೆಗೂ ನಿಂತೇ ಹೋದರು, ಇಳಿದ ಮೇಲೆ ತಂಗಿಯ ಜೊತೆ ಮಾತು ಬಿಟ್ಟರು. ಅದೆಲ್ಲ ಆಗಿ ವರ್ಷಗಳೇ ಕಳೆದಿದ್ದವು.

ಹೊಸ ವರ್ಷನ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮುಖದ ಸುಕ್ಕುಗಳೆಲ್ಲ ಮಾಯವಾಗುತ್ತವೆ, ಕೆಲವು ದಿನ ಬಿಟ್ಟಿಯಾಗಿ ಬಳಸಿ ನೋಡಲೂಬಹುದು ಎಂದು ಯಜಮಾನರು ವಿವರಿಸಿದರು. ಟೀಚರು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು.

"ಸರಿ, ಹಾಕಿ ನೋಡಿ. ಆದ್ರೆ ಅಮ್ಮ ಆ ಫೋಟೋ ನೋಡಿ 'ಇದು ನಾನೇ' ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳಿದ್ರೆ ಅಪ್‌ಗ್ರೇಡ್. ಇಲ್ದಿದ್ರೆ ಆ ಮಾತು ಮತ್ತೆ ಈ ಮನೇಲಿ ಬರಬಾರದು."

"ಹೇಳಿಸ್ತೀನಿ," ಎಂದರು ಯಜಮಾನರು.

ಕಂಪ್ಯೂಟರು ಮೊದಲು ಜಾಗವಿಲ್ಲವೆಂದು ರಚ್ಚೆ ಹಿಡಿಯಿತು. ಯಜಮಾನರು ಎದೆ ಗಟ್ಟಿ ಮಾಡಿಕೊಂಡು, ತಾವು ಜೀವಮಾನವಿಡೀ ತೆಗೆದಿದ್ದ ಸೂರ್ಯಾಸ್ತಗಳನ್ನೆಲ್ಲ ಅಳಿಸಿದರು. (ಒಟ್ಟಾರೆ ಒಂದೇ ಸೂರ್ಯ ಎಂದು ಟೀಚರು ಸಮಾಧಾನ ಹೇಳಿದರು.) ಆಮೇಲೆ ಕಂಪ್ಯೂಟರು ಗರಗರ ಎನ್ನತೊಡಗಿತು. ಈ ಹೊತ್ತಿನಲ್ಲಿ ಮಿಕ್ಸಿ ಹಾಕಿದವರು ಯಾರು ಎಂದು ಅತ್ತೆ ಒಳಗಿನಿಂದ ಕೇಳಿದರು. ಯಜಮಾನರು ಜಗ್ಗಲಿಲ್ಲ. ಟೇಬಲ್ ಫ್ಯಾನನ್ನು ಕಂಪ್ಯೂಟರಿನ ಕಡೆ ತಿರುಗಿಸಿ, ತಾವು ಬೆವರುತ್ತ ಕೂತರು.

ಸಂಜೆಯ ಹೊತ್ತಿಗೆ ಅತ್ತೆಯವರ ಮುಖ ಪರದೆಯ ಮೇಲೆ ಬಂತು. ಯಜಮಾನರು ಗುಂಡಿ ಒತ್ತಿದರು. ಹಣೆಯ ಗೆರೆಗಳು ಹೋದವು. ಇನ್ನೊಮ್ಮೆ ಒತ್ತಿದರು, ಕಣ್ಣ ಕೆಳಗಿನ ಚೀಲಗಳೂ ಕಾಣೆಯಾದವು. ಇಷ್ಟಕ್ಕೇ ನಿಲ್ಲಿಸಿ ಎಂದು ಟೀಚರು ಎಚ್ಚರಿಸಿದರು. ನಿಲ್ಲಿಸುವ ಸ್ವಭಾವವಿದ್ದಿದ್ದರೆ ಅವರು ಸೂರ್ಯಾಸ್ತಗಳನ್ನೇ ಅಳಿಸುತ್ತಿರಲಿಲ್ಲ.

ಫೋಟೋ ಚೌಕಟ್ಟು ಹಾಕಿಸಿಕೊಂಡು ಬಂದು ಮೊಳೆಯೇರಿತು. ಅತ್ತೆಯವರನ್ನು ಕರೆತಂದು ಎದುರಿಗೆ ನಿಲ್ಲಿಸಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಅಳಿಯಂದಿರೇ, ನನ್ನ ತಂಗಿ ಫೋಟೋ ಇಲ್ಲಿ ಯಾಕೆ ಹಾಕಿದ್ದೀರಿ?"

ಟೀಚರು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದರು. ಯಜಮಾನರಿಗೆ ಸೋತದ್ದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಅತ್ತೆಯವರ ಕಣ್ಣು ಪರೀಕ್ಷೆ ಮಾಡಿ ಆ ಕನ್ನಡಕ ಕೊಟ್ಟವರು ಅವರೇ. ಅತ್ತೆಗೆ ತಮ್ಮ ಮುಖವೇ ತಿಳಿಯಲಿಲ್ಲವೆಂದರೆ ಒಂದೋ ಫೋಟೋ ಕೆಟ್ಟಿದೆ, ಇಲ್ಲವೇ ಕನ್ನಡಕ ಕೆಟ್ಟಿದೆ. ಎರಡನ್ನೂ ಮಾಡಿದ ಕೈ ಒಂದೇ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಫೋಟೋದಲ್ಲಿ ತಂಗಿಯ ಮುಖ ಪೇಲವವಾಗಿದೆ, ಕಳೆಯೇ ಇಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ ಎಂದು ಎರಡು ದಿನ ಪೇಚಾಡಿದರು. ಮೂರನೆಯ ದಿನ ಮಗಳಿಂದ ಫೋನ್ ಹಚ್ಚಿಸಿ, ಏನೂ ಆಗಿಯೇ ಇಲ್ಲವೆಂಬಂತೆ, "ಗೋಡೆ ಮೇಲಿನ ಫೋಟೋದಲ್ಲಿ ನಿನ್ನ ಮುಖ ಪೇಲವ ಕಾಣ್ತಿದೆ, ಮೈಗೆ ಹುಷಾರಿಲ್ವೇನೇ? ಬಂದು ನಾಲ್ಕು ದಿನ ಇದ್ದು ಹೋಗು" ಎಂದರು.

ಚಿಕ್ಕತ್ತೆ ಎರಡು ಸೂಟ್‌ಕೇಸು, ಒಂದು ಸ್ವಂತ ದಿಂಬು ಸಮೇತ ಬಂದಿಳಿದರು. ಹೊಸ್ತಿಲಲ್ಲೇ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. ಯಜಮಾನರು ಈಗ ಗುಟ್ಟು ರಟ್ಟಾಯಿತೆಂದು ಗೋಡೆಗೆ ಒರಗಿದರು. ಚಿಕ್ಕತ್ತೆ ಫೋಟೋವನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, "ನನ್ನ ಫೋಟೋನ ಇಷ್ಟು ದೊಡ್ಡದಾಗಿ ಹಾಕಿಸಿದ್ದೀಯಾ ಅಕ್ಕಾ?" ಎಂದು ಅತ್ತೇಬಿಟ್ಟರು. ಅಕ್ಕನೂ ಅತ್ತರು. ಚಿಕ್ಕತ್ತೆಯ ಮೂಗಿನ ಮೇಲಿದ್ದದ್ದು ಬೇರೆ ಅಂಗಡಿಯ ಕನ್ನಡಕ ಎಂಬುದೊಂದೇ ಯಜಮಾನರಿಗೆ ಸಮಾಧಾನ.

ಅಕ್ಕತಂಗಿಯರಿಗೆ ಕಂಪ್ಯೂಟರಿನ ಕೋಣೆಯನ್ನು ಬಿಟ್ಟುಕೊಡಲಾಯಿತು. ಕಂಪ್ಯೂಟರಿನ ಮೇಲೆ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಮಾತ್ರೆಗಳ ಡಬ್ಬಿ. ಬಾಗಿಲ ಹಿಂದೆ ಎಷ್ಟೋ ವರ್ಷಗಳ ಬಾಕಿ ಮಾತು ದಿನವಿಡೀ ನಡೆಯುತ್ತಿತ್ತು. ನಾಲ್ಕು ದಿನ ನಲವತ್ತಾಗುವ ಲಕ್ಷಣ ಕಂಡಿತು. ಅತ್ತ ಬಿಟ್ಟಿ ಬಳಕೆಯ ಅವಧಿ ತೀರುತ್ತ ಬಂದಿತ್ತು, ಆದರೂ ಯಜಮಾನರು ಛಲ ಬಿಡಲಿಲ್ಲ. ತಪ್ಪು ಕನ್ನಡಕದ್ದೆಂದು ಸಾಬೀತಾದರೆ ಫೋಟೋ ಗೆದ್ದಂತೆ ಎಂದು ಲೆಕ್ಕ ಹಾಕಿ, ಕಣ್ಣು ಪರೀಕ್ಷೆಯ ನೆಪದಲ್ಲಿ ಇಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋದರು.

ಮೊದಲು ಅತ್ತೆ. ಚಿಕ್ಕತ್ತೆಯನ್ನು ಹೊರಗೆ ಕೂರಿಸಿ, ಕತ್ತಲ ಕೋಣೆಯಲ್ಲಿ ಅಕ್ಷರಗಳ ಹಲಗೆಗೆ ಬೆಳಕು ಹಾಕಿದರು. ಅತ್ತೆ ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ಕೆಳಗಿನ ಸಾಲಿನವರೆಗೂ ನಿರರ್ಗಳವಾಗಿ ಓದಿದರು. ಅದರಡಿಯಲ್ಲಿ ಸಾಸಿವೆ ಗಾತ್ರದಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಹೆಸರನ್ನೂ ಬಿಡಲಿಲ್ಲ. ಯಜಮಾನರು ಪೆಚ್ಚಾಗಿ ನಿಂತರು.

ಅತ್ತೆ ದನಿ ತಗ್ಗಿಸಿದರು. "ಕಣ್ಣಿಗೇನೂ ಆಗಿಲ್ಲ ಅಳಿಯಂದಿರೇ. ಆ ಫೋಟೋದಲ್ಲಿರೋದು ನಾನೇ. ರವಿಕೆ ಕುತ್ತಿಗೇಲಿ ನಾನೇ ಹಾಕಿದ ಹೊಲಿಗೆ ಕಾಣ್ತಿಲ್ವಾ? ಅವಳಿಗೆ ಫೋನ್ ಮಾಡೋಕೆ ಒಂದು ನೆಪ ಬೇಕಿತ್ತು. ನಾನಾಗೇ ಹೇಗೆ ಮಾಡ್ಲಿ, ದೊಡ್ಡವಳು?" ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಯಾರಿಗೂ ಹೇಳಬೇಡಿ. ಮುಖ್ಯವಾಗಿ ನನ್ನ ಮಗಳಿಗೆ."

ಯಜಮಾನರು ತಲೆಯಾಡಿಸಿದರು. ಹೇಳುವುದಿಲ್ಲವೆಂದು ಮಾತು ಕೊಟ್ಟರು.

ಆಮೇಲೆ ಚಿಕ್ಕತ್ತೆ ಕುರ್ಚಿಯಲ್ಲಿ ಕೂತರು. ಬಾಗಿಲು ಮುಚ್ಚಿದ್ದನ್ನು ಖಾತ್ರಿ ಮಾಡಿಕೊಂಡು, "ಅದು ಅಕ್ಕ ಅಂತ ನನಗೆ ಬಾಗಿಲಲ್ಲೇ ಗೊತ್ತಾಯ್ತು" ಎಂದು ಪಿಸುಗುಟ್ಟಿದರು. "ಅಷ್ಟು ಪ್ರೀತಿಯಿಂದ ಕರೆಸಿದ್ದಾಳೆ. ಅವಳ ಮಾತು ಸುಳ್ಳಾಗಬಾರದು ಅಂತ ಫೋಟೋದಲ್ಲಿರೋದು ನಾನು ಅಂದುಬಿಟ್ಟೆ. ಅವಳಿಗೆ ಮಾತ್ರ ಹೇಳಬೇಡಿ." ಯಜಮಾನರು ಅಲ್ಲಿಯೂ ಮಾತು ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಅವರಿಗೆ ತಾವು ಗೆದ್ದದ್ದು ಹೊಳೆಯಿತು. ಕನ್ನಡಕ ಸರಿಯಾಗಿದೆ, ಫೋಟೋ ಸರಿಯಾಗಿದೆ, ಅತ್ತೆ ಬಾಯಿ ಬಿಟ್ಟು "ನಾನೇ" ಎಂದಿದ್ದಾರೆ. ಷರತ್ತು ಅಕ್ಷರಶಃ ಪೂರೈಸಿತ್ತು. ಎರಡು ಹೆಜ್ಜೆ ಜೋರಾಗಿ ಹಾಕಿದ ಮೇಲೆ, ಅದನ್ನು ಯಾರಿಗೂ ಹೇಳುವಂತಿಲ್ಲ ಎಂಬುದೂ ಹೊಳೆಯಿತು.

ಸಂಜೆ ಟೀಚರು ಬೆಡ್‌ಶೀಟು ಸರಿಸಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವಧಿ ಮುಗಿದಿದೆ, ಮುಂದುವರಿಸುವಿರಾ ಎಂದು ಅದು ಕೇಳುತ್ತಿತ್ತು.

"ಹೇಳಿ. ಅಮ್ಮ ಒಂದು ಸಲನಾದ್ರೂ 'ಇದು ನಾನೇ' ಅಂದ್ಲಾ?"

ಯಜಮಾನರು ಬಾಯಿ ತೆರೆದರು. ಮಂಚದ ಮೇಲೆ ಅಕ್ಕತಂಗಿಯರು ಅಂಟಿಕೊಂಡು ಕೂತು ಅವರನ್ನೇ ನೋಡುತ್ತಿದ್ದರು. ಒಂದು ಜೊತೆ ಕಣ್ಣು ಬೇಡ ಎಂದಿತು, ಇನ್ನೊಂದು ಜೊತೆಯೂ ಅದನ್ನೇ ಹೇಳಿತು.

"ಇಲ್ಲ," ಎಂದರು ಯಜಮಾನರು.

"ಹಾಗಾದ್ರೆ ತೆಗೆದುಹಾಕಿ."

ಖಂಡಿತವಾಗಿಯೂ ತೆಗೆಯಬೇಕೇ ಎಂದು ಕಂಪ್ಯೂಟರು ಕೂಡ ಒಮ್ಮೆ ಕೇಳಿ ನೋಡಿತು. ಯಜಮಾನರು ಹೌದು ಎಂಬಲ್ಲಿ ಒತ್ತಿ, ಮುಖ ಸಪ್ಪಗೆ ಮಾಡಿಕೊಂಡು ಎದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ಅತ್ತೆ ಕರೆದರು.

"ಅಳಿಯಂದಿರೇ, ತಂಗಿ ಫೋಟೋ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೀರಿ. ನನ್ನದೂ ಒಂದು ಇರ್ಲಿ. ಹೊಸದೇನೂ ತೆಗೆಯೋದು ಬೇಡ. ಹಳೇ ಸಾಫ್ಟ್‌ವೇರಲ್ಲಿ ಮಾಡಿದ್ರಲ್ಲ, ಯಾರೋ ಮುದುಕೀದು, ಅದನ್ನೇ ಹಾಕಿ."

ಯಜಮಾನರು ಸುತ್ತಿಗೆ ಹುಡುಕಲು ಹೋದರು.